ಕೀ ಒತ್ತಿ ಹಿಡಿದರೆ ಸಾಲದು, ಸದ್ದು ಪಾಕಕ್ಕೆ ಬರಬೇಕು

ಪ್ರಶ್ನೆ: ನಮ್ಮದು ಮಂಡ್ಯ. ಗೆಳೆಯರೆಲ್ಲ ಸೇರಿ ಕಿರುಚಿತ್ರ ಮಾಡ್ತಿದ್ದೇವೆ. ಹುಡುಗನೊಬ್ಬ ನಾಲೆ ಏರಿ ಮೇಲೆ ಒಬ್ಬನೇ ನಡೆದು ಹೋಗುವ 3 ನಿಮಿಷದ ದೃಶ್ಯ ಇದೆ. ಸ್ಯಾಂಪಲ್ ಮಾಡಿದ ಟೆಕ್ಸ್ಚರ್ ಇನ್‌ಸ್ಟ್ರುಮೆಂಟ್ (ರೆಕಾರ್ಡ್ ಮಾಡಿದ ಸದ್ದನ್ನು ಕೀಬೋರ್ಡಿನಲ್ಲಿ ನುಡಿಸುವ, ಹಿನ್ನೆಲೆಗೆ ಹಾಕುವ ಕಂಪ್ಯೂಟರ್ ವಾದ್ಯ) ಹಾಕಿ ಕೀ ಒತ್ತಿ ಹಿಡಿದರೆ ಮೊದಲ 20 ಸೆಕೆಂಡ್ ಚೆನ್ನಾಗಿರುತ್ತದೆ, ಆಮೇಲೆ ಫ್ರಿಜ್ ಓಡುವ ಸದ್ದಿನ ಹಾಗೆ ಆಗುತ್ತದೆ. ಒಂದರ ಮೇಲೊಂದು ಆರು ಲೇಯರ್ ಹಾಕಿದೆ, ಎಲ್ಲ ಕಲಸುಮೇಲೋಗರವಾಯಿತು. ಏನು ಮಾಡಲಿ?

ಉತ್ತರ: ಮೊದಲು ಆರರಲ್ಲಿ ಮೂರು ಲೇಯರ್ ತೆಗೆದುಬಿಡಿ. ಲೇಯರ್ ಜಾಸ್ತಿ ಆದರೆ ಸದ್ದು ದಪ್ಪ ಆಗುತ್ತದೆ, ಮುಂದಕ್ಕೆ ಹೋಗುವುದಿಲ್ಲ. ನಿಮಗೆ ಬೇಕಿರುವುದು ಮುಂದಕ್ಕೆ ಹೋಗುವ ಸದ್ದು.

ಉಳಿದ ಮೂರರ ಲೂಪ್, ಅಂದರೆ ಮತ್ತೆ ಮತ್ತೆ ಸುತ್ತುವ ತುಣುಕು, ಎಷ್ಟು ಉದ್ದ ಇದೆ ನೋಡಿ. 8, 8, 16 ಸೆಕೆಂಡ್ ಇದ್ದರೆ ಪ್ರತಿ 16 ಸೆಕೆಂಡಿಗೆ ಎಲ್ಲ ಮತ್ತೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ, ಕಿವಿ ಅದನ್ನು ಥಟ್ಟನೆ ಹಿಡಿಯುತ್ತದೆ. ಅದನ್ನೇ 7, 11, 13 ಸೆಕೆಂಡ್ ಮಾಡಿ. ಮೂರೂ ಮತ್ತೆ ಒಟ್ಟಿಗೆ ಶುರುವಾಗಲು 1001 ಸೆಕೆಂಡ್ ಬೇಕು, ಅಂದರೆ 16 ನಿಮಿಷ 41 ಸೆಕೆಂಡ್. ನಿಮ್ಮ ದೃಶ್ಯ ಅಷ್ಟರಲ್ಲಿ ಮುಗಿದು ಎಷ್ಟೋ ಹೊತ್ತಾಗಿರುತ್ತದೆ! ಒಂದು ಎಚ್ಚರ: ಸಾದಾ ಸ್ಯಾಂಪ್ಲರ್‌ನಲ್ಲಿ, ಅಂದರೆ ಇಂಥ ಸದ್ದು ನುಡಿಸುವ ಸಾಫ್ಟ್‌ವೇರ್‌ನಲ್ಲಿ, ಒಂದು ಆಕ್ಟೇವ್ (ಸ್ಥಾಯಿ) ಕೆಳಗಿನ ಕೀ ಒತ್ತಿದರೆ ಲೂಪ್ ಉದ್ದ ಎರಡು ಪಟ್ಟಾಗುತ್ತದೆ, ಹಾಗಾಗಿ ಯಾವ ಕೀ ನುಡಿಸುತ್ತೀರಿ ಎಂದು ಮೊದಲೇ ತೀರ್ಮಾನಿಸಿ.

ಇನ್ನು ಮುಖ್ಯ ವಿಷಯ. ರೆಡಿಮೇಡ್ ಸದ್ದನ್ನು ಹೊರಗಿನಿಂದ ಎಷ್ಟು ಅಲುಗಾಡಿಸಿದರೂ ಒಂದು ಮಟ್ಟಿಗೆ ಅಷ್ಟೇ. ತಾನಾಗಿಯೇ ಬದಲಾಗುವ ಸದ್ದನ್ನು ಹುಡುಕಿ. ನೀವು ಮಂಡ್ಯದವರು, ಪಕ್ಕದಲ್ಲೇ ಆಲೆಮನೆ ಇರುತ್ತದೆ ಅಲ್ವಾ? ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವುದನ್ನು ಕಣ್ಣು ಮುಚ್ಚಿ ಕೇಳಿ. ಮೊದಲು ನೀರಿನಂಥ ಸರಸರ ಸದ್ದು. ಹಾಲು ಗಟ್ಟಿಯಾಗುತ್ತಾ ಬಂದ ಹಾಗೆ ಗುಳ್ಳೆ ದೊಡ್ಡದಾಗುತ್ತದೆ, ನಿಧಾನವಾಗುತ್ತದೆ. ಪಾಕಕ್ಕೆ ಬರುವ ಹೊತ್ತಿಗೆ ಬುಳಕ್, ಬುಳಕ್ ಎಂದು ಒಂದೊಂದೇ ಒಡೆಯುತ್ತದೆ. ಮಾಲೀಕರನ್ನು ಕೇಳಿಕೊಂಡು, ಗಾಣ ನಿಂತಿರುವಾಗ, ಹಬೆ ತಾಗದಷ್ಟು ದೂರದಿಂದ ಮೂರು ಹಂತದಲ್ಲೂ ಎರಡೆರಡು ನಿಮಿಷ ರೆಕಾರ್ಡ್ ಮಾಡಿ. ಫೋನ್ ಆದರೂ ಪರವಾಗಿಲ್ಲ, ಆದರೆ ಗದ್ದಲ ಕಡಿಮೆ ಮಾಡುವ ಸೆಟ್ಟಿಂಗ್ ಆಫ್ ಇರಲಿ. ಅದು ಕುದಿಯುವ ಸದ್ದನ್ನೇ ಗದ್ದಲ ಎಂದುಕೊಂಡು ನುಂಗಿಬಿಡುತ್ತದೆ.

ಈ ಮೂರನ್ನೂ ಒಂದೇ ಇನ್‌ಸ್ಟ್ರುಮೆಂಟ್‌ಗೆ ಹಾಕಿ ಮಾಡ್ ವೀಲ್‌ಗೆ (ಕೀಬೋರ್ಡಿನಲ್ಲಿ ಬೆರಳಿನಿಂದ ತಿರುಗಿಸುವ ಚಕ್ರ) ಕಟ್ಟಿ. ವೀಲ್ ಕೆಳಗಿದ್ದಾಗ ತೆಳು ಹಾಲು, ನಡುವೆ ಬಂದಾಗ ಎರಡನೆಯದು, ಪೂರ್ತಿ ಮೇಲೆ ಹೋದಾಗ, ಅಂದರೆ ಅದರ ಕೊನೆಯ ಅಂಕಿ 127ಕ್ಕೆ, ಪಾಕ. ಒಂದು ಆಕ್ಟೇವ್ ಕೆಳಗೆ ನುಡಿಸಿದರೆ ಅದು ಬೆಲ್ಲದ ಸದ್ದು ಎಂದು ಯಾರಿಗೂ ಗೊತ್ತಾಗುವುದಿಲ್ಲ, ನೆಲದೊಳಗೆ ಏನೋ ಉಸಿರಾಡುತ್ತಿದೆ ಅನಿಸುತ್ತದೆ. ಆಮೇಲೆ ದೃಶ್ಯ ಓಡಿಸಿ, ಹುಡುಗನ ಮುಖ ನೋಡುತ್ತಾ ಆ 3 ನಿಮಿಷವೂ ವೀಲನ್ನು ಕೈಯಲ್ಲೇ ಆಡಿಸಿ. ಈ ಬದಲಾವಣೆಯನ್ನು ಪರದೆಯ ಮೇಲೆ ಮೌಸ್‌ನಲ್ಲಿ ಗೆರೆ ಎಳೆದು ಮಾಡಬೇಡಿ. ಕೈ ತಡೆಯುವ ಕಡೆ ತಡೆಯುತ್ತದೆ, ಅವಸರ ಮಾಡುವ ಕಡೆ ಮಾಡುತ್ತದೆ, ಅದೇ ನಮಗೆ ಬೇಕು.

ಕಲಸುಮೇಲೋಗರಕ್ಕೆ ಮದ್ದು ಸುಲಭ. ತಗ್ಗಿನ ಸದ್ದು ಒಂದೇ ಲೇಯರ್‌ನಲ್ಲಿರಲಿ, ಉಳಿದೆರಡರಲ್ಲಿ 150 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಮಾತು ಬರುವ ಕಡೆ 1ರಿಂದ 4 ಕಿಲೋಹರ್ಟ್ಸ್ ನಡುವೆ ಸ್ವಲ್ಪ ತಗ್ಗಿಸಿ. ರಿವರ್ಬ್ (ಸದ್ದು ಒಂದು ಜಾಗದಲ್ಲಿ ಮೊಳಗಿದ ಹಾಗೆ ಮಾಡುವ ಎಫೆಕ್ಟ್) ಮೂರಕ್ಕೂ ಸೇರಿ ಒಂದೇ ಸಾಕು. ಹುಡುಗ ಎಲ್ಲಾದರೂ ನಿಂತರೆ, ಅಲ್ಲಿ ಹೊಸದನ್ನು ಸೇರಿಸುವ ಬದಲು ಒಂದು ಲೇಯರ್ ತೆಗೆದು ನೋಡಿ.

ಪ್ರಶ್ನೆ: ಮೈಸೂರು ಒಂಟಿಕೊಪ್ಪಲಿನಲ್ಲಿದ್ದೇನೆ. ಮನೆಯಲ್ಲಿ ಅಜ್ಜಿಯ ವೀಣೆ ಇದೆ. ದುಡ್ಡು ಖರ್ಚು ಮಾಡದೆ ಅದರಿಂದ ಇಂಥ ಇನ್‌ಸ್ಟ್ರುಮೆಂಟ್ ಮಾಡಬಹುದಾ?

ಉತ್ತರ: ಖಂಡಿತ ಮಾಡಬಹುದು, ಮಾಡಿ. ಡೀಸೆಂಟ್ ಸ್ಯಾಂಪ್ಲರ್ ಎಂಬ ಸಾಫ್ಟ್‌ವೇರ್ ಉಚಿತ, ನಿಮ್ಮ ಸ್ವಂತ ಸದ್ದನ್ನು ಅದಕ್ಕೆ ಹಾಕಬಹುದು. ರೆಕಾರ್ಡಿಂಗ್ ಕತ್ತರಿಸಲು ಆಡಾಸಿಟಿ ಎಂಬ ಸಾಫ್ಟ್‌ವೇರ್ ಸಾಕು, ಅದೂ ಉಚಿತ.

ಫ್ಯಾನ್ ಆಫ್ ಮಾಡಿ. ಒಂದೊಂದು ತಂತಿಯನ್ನೂ ನಾಲ್ಕೈದು ಸಲ ಮೀಟಿ, ಪ್ರತಿ ಸಲ ಸದ್ದು ಪೂರ್ತಿ ಆರುವ ತನಕ ಕಾಯಿರಿ. ಪಕ್ಕದಲ್ಲಿರುವ ತಾಳದ ತಂತಿಗಳನ್ನು ಮರೆಯಬೇಡಿ. ಆಮೇಲೆ ಮೀಟಿನ ಏಟನ್ನು ಕತ್ತರಿಸಿ, ಬಾಲ, ಅಂದರೆ ಏಟಿನ ನಂತರ ಉಳಿಯುವ ನಾದ, ಮಾತ್ರ ಇಟ್ಟುಕೊಳ್ಳಿ. ಮೀಟಿದ ತಂತಿಯಲ್ಲಿ ಮೇಲಿನ ಸ್ವರಾಂಶಗಳು ಮೊದಲು ಆರುತ್ತವೆ, ಹಾಗಾಗಿ ಸದ್ದು ತಾನಾಗಿಯೇ ಮಬ್ಬಾಗುತ್ತಾ ಹೋಗುತ್ತದೆ. ಅದನ್ನೇ ಹಿಂದುಮುಂದು ಮಾಡಿದರೆ ಮಬ್ಬಿನಿಂದ ಬೆಳಕಿಗೆ ಬರುತ್ತದೆ. ನೇರ ಬಾಲ ಒಂದು ಲೇಯರ್, ತಿರುಗಿಸಿದ್ದು ಇನ್ನೊಂದು. ಅಜ್ಜಿ ನುಡಿಸುವ ಹಾಗಿದ್ದರೆ ಅವರ ಕೈಯಲ್ಲೇ ಮೀಟಿಸಿ, ದಿನಾಂಕ ಹಾಕಿ ಮೂಲ ರೆಕಾರ್ಡಿಂಗನ್ನು ಬೇರೆ ಕಡೆ ಜೋಪಾನವಾಗಿಡಿ.