ಯೂಟಾದ ಕಣಿವೆಗಳಲ್ಲಿ ಮಕ್ಕಳು, ಅಮ್ಮನ ಜೊತೆ ಕ್ಯಾಂಪಿಂಗ್: 5 ದಿನಕ್ಕೆ ಹೇಗೆ ಪ್ಲಾನ್ ಮಾಡುವುದು?

ನೀವು ಡಲ್ಲಾಸ್‌ನಲ್ಲಿದ್ದೀರಿ, ಮಕ್ಕಳಿಗೆ 7 ಮತ್ತು 11 ವರ್ಷ, ಹಾಸನದಿಂದ ಅಮ್ಮ ಬರುತ್ತಿದ್ದಾರೆ, ಟೆಂಟಿನಲ್ಲಿ ಇದುವರೆಗೆ ಯಾರೂ ಮಲಗಿಲ್ಲ. ಯೂಟಾದ ನ್ಯಾಷನಲ್ ಪಾರ್ಕ್‌ಗಳಾದ ಝಯಾನ್, ಬ್ರೈಸ್, ಕ್ಯಾಪಿಟಲ್ ರೀಫ್, ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್ ಐದನ್ನೂ 5 ದಿನದಲ್ಲಿ ನೋಡಬಹುದೇ, ಏಪ್ರಿಲ್ ಕೊನೆಯೋ ಜುಲೈ ರಜೆಯೋ ಎಂದು ಕೇಳಿದ್ದೀರಿ. ಸಾಲ್ಟ್ ಲೇಕ್ ಸಿಟಿಯ ಪಕ್ಕದಲ್ಲಿ 9 ವರ್ಷದಿಂದ ಇದ್ದು, ಆ ಕಡೆಗೆ ಮತ್ತೆ ಮತ್ತೆ ಹೋಗಿಬಂದವನಾಗಿ ಹೇಳುತ್ತೇನೆ: ನಾಲ್ಕು ಪಾರ್ಕ್ ಬಿಡಿ, ಒಂದನ್ನು ಇಟ್ಟುಕೊಳ್ಳಿ. ಜುಲೈಯನ್ನೂ ಬಿಡಿ.

ಐದೂ ಎಂದು ಹೊರಟರೆ ದಿನಾ ಟೆಂಟ್ ಬಿಚ್ಚುವುದು, ಕಟ್ಟುವುದು, ಕಾರಿನಲ್ಲಿ ಕೂರುವುದು ಇಷ್ಟೇ ಆಗುತ್ತದೆ. ಮಕ್ಕಳಿಗೆ ನೆನಪಿರುವುದು ಹಿಂದಿನ ಸೀಟು ಮಾತ್ರ.

ನನ್ನ ಆಯ್ಕೆ ಕ್ಯಾಪಿಟಲ್ ರೀಫ್. ಸಾಲ್ಟ್ ಲೇಕ್‌ವರೆಗೆ ವಿಮಾನ, ಅಲ್ಲಿಂದ ಕಾರಿನಲ್ಲಿ ನಾಲ್ಕು ಗಂಟೆ ಹತ್ತಿರ. ಸುಮಾರು 100 ಮೈಲಿ ಉದ್ದಕ್ಕೆ ಭೂಮಿಯೇ ಮಡಿಕೆ ಬಿದ್ದು ಎದ್ದಿರುವ ಜಾಗ ಅದು. ನಾನು ಬಾಗಲಕೋಟೆ ಕಡೆಯವನು, ಬಾದಾಮಿಯ ಕೆಂಪು ಬಂಡೆ ನೋಡಿಕೊಂಡೇ ಬೆಳೆದವನು. ಆದರೂ ಮೊದಲ ಸಲ ಅಲ್ಲಿ ಕಾರಿಳಿದಾಗ ಸುಮ್ಮನೆ ನಿಂತುಬಿಟ್ಟಿದ್ದೆ. ಆ ಕೆಂಪು ಗೋಡೆಗಳ ನಡುವೆ ಫ್ರೂಟಾ ಕ್ಯಾಂಪ್‌ಗ್ರೌಂಡ್ ಇದೆ. ಪಕ್ಕದಲ್ಲೇ ಫ್ರೀಮಾಂಟ್ ನದಿ, ಸುತ್ತ ಹಿಂದಿನ ಮಾರ್ಮನ್ ಪಂಥದ ವಲಸಿಗರು ನೆಟ್ಟು ಬೆಳೆಸಿದ ಹಣ್ಣಿನ ತೋಟ. ಸಂಜೆಯಾದರೆ ಜಿಂಕೆಗಳು ಟೆಂಟುಗಳ ನಡುವೆಯೇ ಮೇಯುತ್ತವೆ. ನೀರು, ಫ್ಲಶ್ ಇರುವ ಶೌಚಾಲಯ ಇವೆ. ಸ್ನಾನಕ್ಕೆ ವ್ಯವಸ್ಥೆ ಇಲ್ಲ, ಕರೆಂಟೂ ಇಲ್ಲ. ಮೊದಲ ಸಲ ಟೆಂಟಿನಲ್ಲಿ ಮಲಗುವವರಿಗೆ ಮರುಭೂಮಿಯಲ್ಲಿ ಇದಕ್ಕಿಂತ ಒಳ್ಳೆಯ ನೆರಳು ನಾನು ಕಂಡಿಲ್ಲ. ಜಾಗ 71 ಮಾತ್ರ, ಬುಕಿಂಗ್ 6 ತಿಂಗಳು ಮೊದಲೇ ತೆರೆಯುತ್ತದೆ. ಏಪ್ರಿಲ್ 22ಕ್ಕೆ ಬೇಕೆಂದರೆ ಅಕ್ಟೋಬರ್ 22ರ ಬೆಳಗ್ಗೆಯೇ ರಿಕ್ರಿಯೇಷನ್ ಡಾಟ್ ಗವ್ ಸೈಟ್ ತೆರೆದು ಕೂತಿರಿ.

ಅಮ್ಮನ ವಿಷಯ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಚಳಿಯಲ್ಲಿ ಶೌಚಾಲಯಕ್ಕೆ ನಡೆಯುವುದು ವಯಸ್ಸಾದವರಿಗೆ ಸುಲಭವಲ್ಲ. ಆ ಜಾಗ ಸಮುದ್ರಮಟ್ಟದಿಂದ ಸುಮಾರು 5,500 ಅಡಿ ಮೇಲಿದೆ. ಏಪ್ರಿಲ್‌ನಲ್ಲಿ ಹಗಲು 18 ಡಿಗ್ರಿ ಇದ್ದರೂ ರಾತ್ರಿ 4ರ ಆಸುಪಾಸಿಗೆ ಇಳಿಯುತ್ತದೆ, ಕೆಲವೊಮ್ಮೆ ಅದಕ್ಕೂ ಕೆಳಗೆ. 11 ಮೈಲಿ ದೂರದ ಟಾರಿ ಎಂಬ ಊರಿನಲ್ಲಿ ಅವರಿಗೊಂದು ರೂಮು ಮಾಡಿ, ರಾತ್ರಿ ನಿಮ್ಮಲ್ಲೊಬ್ಬರು ಅವರ ಜೊತೆಗಿರಿ. ಹಗಲೆಲ್ಲ ಅವರು ಕ್ಯಾಂಪಿನಲ್ಲೇ ಇರಲಿ. ಹೆದ್ದಾರಿ 24ರ ಪಕ್ಕದಲ್ಲೇ ಹಲಗೆ ಹಾಸಿದ ದಾರಿಯಿದೆ. ಅಲ್ಲಿ ಹಿಂದೆ ವಾಸವಿದ್ದ ಫ್ರೀಮಾಂಟ್ ಎಂಬ ಮೂಲನಿವಾಸಿ ಜನ ಬಂಡೆಯ ಮೇಲೆ ಕೊರೆದ ಮನುಷ್ಯರು, ಕೊಂಬಿನ ಕುರಿಗಳು ಇವೆ. ಅದು ಅಮ್ಮನೂ ಆರಾಮಾಗಿ ನಡೆಯುವಷ್ಟು.

ಈಗ ಜುಲೈ ಯಾಕೆ ಬೇಡ ಎನ್ನುತ್ತೇನೆ ಎಂದರೆ, ನಾವು ಮೊದಲು ಹೋದದ್ದು ಜುಲೈಯಲ್ಲೇ. ಮಗಳಿಗೆ ಆಗ 8 ವರ್ಷ. "ನೀರು ಕುಡಿ, ನೀರು ಕುಡಿ" ಎಂದು ಹೆಜ್ಜೆಗೊಮ್ಮೆ ಕುಡಿಸಿದೆವು, ಬಿಸಿಲಿಗೆ ಹಸಿವಿಲ್ಲ ಅಂದಳೆಂದು ತಿನ್ನಲು ಏನೂ ಕೊಡಲಿಲ್ಲ. 11 ಗಂಟೆಗೆ ತಲೆನೋವು ಅಂದಳು, ಸ್ವಲ್ಪ ಹೊತ್ತಿಗೆ ವಾಂತಿ. ನಾವು ಇನ್ನೂ ನೀರು ಕುಡಿಸಲು ಹೋದೆವು. ಎದುರಿಗೆ ಬಂದ ರೇಂಜರ್ ಒಬ್ಬರು ಅವಳ ನೀಲಿ ಟೋಪಿ ತೆಗೆದು ಅಂಚು ತೋರಿಸಿದರು. ಬೆವರು ಒಣಗಿ ಸುಣ್ಣ ಬಳಿದ ಹಾಗೆ ಬಿಳಿ ಗೆರೆ! ಒಳಗಿನ ಉಪ್ಪೆಲ್ಲ ಹೊರಗೆ ಬಂದಿದೆ, ಬರೀ ನೀರು ಸುರಿದರೆ ರಕ್ತದಲ್ಲಿ ಉಳಿದಿರುವ ಉಪ್ಪೂ ತೆಳುವಾಗುತ್ತದೆ, ನೀರು ನಿಲ್ಲಿಸಿ ಎಂದರು. ನೆರಳಿನಲ್ಲಿ ಕೂರಿಸಿ ಉಪ್ಪು ಬಿಸ್ಕತ್ತು ಚೂರು ಚೂರೇ ತಿನ್ನಿಸಿದ ಮೇಲೆ ಒಂದು ಗಂಟೆಯಲ್ಲಿ ಚೇತರಿಸಿಕೊಂಡಳು. ಆ ಒಂದು ಗಂಟೆ ನಾನು ಇವತ್ತಿಗೂ ಮರೆತಿಲ್ಲ.

ಹಾಗಾಗಿ ಒಬ್ಬರಿಗೆ ದಿನಕ್ಕೆ 4 ಲೀಟರ್ ನೀರು ಲೆಕ್ಕ ಹಾಕಿ, ಅದರ ಜೊತೆಗೆ ಉಪ್ಪಿನ ಲೆಕ್ಕವನ್ನೂ ಹಾಕಿ. ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ, ಐಸ್ ಡಬ್ಬಿಯಲ್ಲಿಟ್ಟ ಮಜ್ಜಿಗೆ, ಖಾರ ಮಂಡಕ್ಕಿ. ನಮ್ಮ ಮನೆಯಲ್ಲಿ ಈಗ ಖಾಯಂ ಆಗಿರುವುದು ಖಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ. ಒಲೆ ಹಚ್ಚಬೇಕಿಲ್ಲ, ಆ ಒಣ ಗಾಳಿಗೆ ನಾಲ್ಕನೇ ದಿನವೂ ರೊಟ್ಟಿ ಮುರಿದರೆ ಚಟ್ ಅನ್ನುತ್ತದೆ. ನೀವು ಹಾಸನದವರು, ಅವಲಕ್ಕಿ, ಪುಳಿಯೋಗರೆ ಗೊಜ್ಜು ಇದ್ದರೆ ಆಯಿತು.

ದಿನದ ಕ್ರಮ ಹೀಗಿರಲಿ: ಬೆಳಕು ಹರಿಯುತ್ತಿದ್ದಂತೆ ನಡಿಗೆ, ಹೊತ್ತು ನೆತ್ತಿಗೇರುವ ಮುಂಚೆ ವಾಪಸ್, ಮಧ್ಯಾಹ್ನ ಮರದ ಕೆಳಗೆ ನಿದ್ದೆ, ಸಂಜೆ ಇನ್ನೊಂದು ಸಣ್ಣ ಸುತ್ತು. ಹಿಕ್‌ಮನ್ ಬ್ರಿಡ್ಜ್ ಹೋಗಿಬರಲು 1.8 ಮೈಲಿ, ಸ್ವಲ್ಪ ಏರು. ಕೊನೆಗೆ 133 ಅಡಿ ಅಗಲದ ಕಲ್ಲಿನ ಕಮಾನಿನ ಕೆಳಗೆ ನಿಲ್ಲುತ್ತೀರಿ. 7 ವರ್ಷದವರಿಗೂ ಸಾಧ್ಯ. ಗ್ರ್ಯಾಂಡ್ ವಾಶ್ ಸಮತಟ್ಟು, ಎರಡೂ ಕಡೆ ಗೋಡೆ ಹತ್ತಿರ ಹತ್ತಿರ ಬರುತ್ತದೆ, ಮಕ್ಕಳು ಕೂಗಿ ಪ್ರತಿಧ್ವನಿ ಕೇಳುತ್ತಾ ಹೋಗುತ್ತಾರೆ.

ಆದರೆ ಗ್ರ್ಯಾಂಡ್ ವಾಶ್ ಎಂದರೆ ಒಣಗಿದ ಹಳ್ಳ. ಅದಕ್ಕೆ ಇಳಿಯುವ ಮುಂಚೆ ಪ್ರತಿ ದಿನ ಬೆಳಗ್ಗೆ ವಿಸಿಟರ್ ಸೆಂಟರ್‌ನಲ್ಲಿ ದಿಢೀರ್ ಪ್ರವಾಹದ ಸೂಚನೆ ಕೇಳಲೇಬೇಕು. ತಲೆ ಮೇಲಿನ ಆಕಾಶ ನೋಡಿ ತೀರ್ಮಾನ ಮಾಡಬೇಡಿ. 1997ರ ಆಗಸ್ಟ್ 12ರಂದು ಅರಿಝೋನಾದ ಆಂಟೆಲೋಪ್ ಕ್ಯಾನ್ಯನ್‌ನಲ್ಲಿ 11 ಜನ ಕೊಚ್ಚಿಹೋಗಿ ಸತ್ತರು. ಮಳೆ ಬಿದ್ದದ್ದು ಮೈಲಿಗಟ್ಟಲೆ ಮೇಲೆ. ಬಂಡೆ ನೀರು ಕುಡಿಯುವುದಿಲ್ಲ, ಬಿದ್ದದ್ದೆಲ್ಲ ಇಕ್ಕಟ್ಟಿಗೆ ನುಗ್ಗುತ್ತದೆ. ಜುಲೈ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಇಂಥ ಮಳೆಯ ಕಾಲ. ಜುಲೈ ಬೇಡ ಎನ್ನುವುದಕ್ಕೆ ಇದು ಎರಡನೇ ಕಾರಣ.

ಝಯಾನ್ ಬಿಟ್ಟದ್ದಕ್ಕೆ ಬೇಸರ ಬೇಡ. ನೀರಿನಲ್ಲೇ ನಡೆಯುವ ನ್ಯಾರೋಸ್ ದಾರಿಯನ್ನು ವರ್ಜಿನ್ ನದಿ ಸೆಕೆಂಡಿಗೆ 150 ಘನ ಅಡಿ ದಾಟಿದರೆ ಮುಚ್ಚುತ್ತಾರೆ. ಏಪ್ರಿಲ್‌ನಲ್ಲಿ ಹಿಮ ಕರಗಿ ಹಾಗಾಗುವುದು ಸಾಮಾನ್ಯ.

ವಸಂತದಲ್ಲಿ ಗಾಳಿ ಜೋರು. ಒಮ್ಮೆ ಗೂಟ ಸರಿಯಾಗಿ ಹೊಡೆಯದೆ ಹೋಗಿ, ವಾಪಸ್ ಬಂದಾಗ ಟೆಂಟ್ ಪಕ್ಕದವರ ಮೇಜಿನ ಮೇಲೆ ಕೂತಿತ್ತು, ಹಾಸಿಗೆ ತುಂಬ ಕೆಂಪು ಮರಳು. ನಾಲ್ಕು ಮೂಲೆಗೂ ಒಳಗಿನಿಂದ ಭಾರ ಇಡಿ.

ಮಕ್ಕಳಿಗೆ ಒಂದು ಮಾತು ಮೊದಲೇ ಹೇಳಿಡಿ. ದಾರಿಯ ಆಚೆ ಕಪ್ಪಗೆ ಹಪ್ಪಳದ ಹಾಗೆ ಉಬ್ಬಿದ ಮಣ್ಣು ಕಾಣುತ್ತದೆ. ಅದು ಸತ್ತ ಮಣ್ಣಲ್ಲ, ಸೂಕ್ಷ್ಮಜೀವಿ, ಪಾಚಿ, ಕಲ್ಲುಹೂವು ಸೇರಿ ಮರಳನ್ನು ಹಿಡಿದಿಟ್ಟಿರುವ ಪದರ. ಒಂದು ಬೂಟಿನ ಗುರುತು ಮಾಯಲು ಹತ್ತಾರು ವರ್ಷ ಬೇಕು. ನನ್ನ ಮಗಳು ಅದನ್ನು "ಮಲಗಿರೋ ಮಣ್ಣು" ಎಂದು ಕರೆಯುತ್ತಾಳೆ, ಒಮ್ಮೆಯೂ ತುಳಿದಿಲ್ಲ.

ತಾರೀಖು ಗೊತ್ತುಮಾಡುವ ಮುಂಚೆ ಅಮ್ಮನ ಹತ್ತಿರ ಪಂಚಾಂಗ ನೋಡಿಸಿ, ಅಮಾವಾಸ್ಯೆಯ ಆಸುಪಾಸಿಗೆ ಬುಕ್ ಮಾಡಿ. ಅಲ್ಲಿ ಊರಿನ ದೀಪ ಇಲ್ಲ. ಏಪ್ರಿಲ್ ರಾತ್ರಿ ಸಪ್ತರ್ಷಿ ಮಂಡಲ ತಲೆ ಮೇಲೇ ಇರುತ್ತದೆ. ರೂಮಿಗೆ ಕರೆದುಕೊಂಡು ಹೋಗುವ ಮುಂಚೆ ಅಮ್ಮನಿಗೆ ಕಂಬಳಿ ಹೊದಿಸಿ ಕುರ್ಚಿಯಲ್ಲಿ ಕೂರಿಸಿ. ವಸಿಷ್ಠನ ಪಕ್ಕದ ಅರುಂಧತಿಯನ್ನು ಮೊಮ್ಮಕ್ಕಳಿಗೆ ಅವರೇ ತೋರಿಸಲಿ.