‘ವಿಷದ ಓಟ, ಕಾನೂನಿನ ನಡಿಗೆ’ ಲೇಖನ ಕುರಿತು

ಪ್ರಿಯ ಲೇಖಕರೇ,

ನಿಮ್ಮ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯವನ್ನು ದಯವಿಟ್ಟು ಕೈಬಿಡಬೇಡಿ. ನಿಮಗೆ ರಸಾಯನಶಾಸ್ತ್ರ ಚೆನ್ನಾಗಿ ಗೊತ್ತಿದೆ ಎಂಬುದು ಪುಟಪುಟದಲ್ಲೂ ಕಾಣುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇವೆ.

ನಿಮ್ಮ ವಾದ ಇಷ್ಟು: 1993ರ ರಾಸಾಯನಿಕ ಅಸ್ತ್ರ ಒಡಂಬಡಿಕೆ ಕೆಲವು ವಿಷಗಳ ಪಟ್ಟಿ ಮಾಡಿ ನಿಷೇಧಿಸಿತು, ವಿಜ್ಞಾನ ಪಟ್ಟಿಯಲ್ಲಿಲ್ಲದ ಹೊಸ ಅಣುಗಳನ್ನು ಕೊಡುತ್ತಲೇ ಇದೆ, ಹಾಗಾಗಿ ನಿಷೇಧ ಸೋತಿದೆ. ವಾದದ ಬುಡವೇ ತಪ್ಪಿದೆ. ಒಡಂಬಡಿಕೆಯ 2ನೇ ವಿಧಿ ವಸ್ತುವಿನ ಹೆಸರು ನೋಡುವುದಿಲ್ಲ, ಉದ್ದೇಶ ನೋಡುತ್ತದೆ. ಕೈಗಾರಿಕೆ, ಕೃಷಿ, ಔಷಧ, ಸಂಶೋಧನೆಯಂಥ ಒಪ್ಪಿತ ಕೆಲಸಕ್ಕಲ್ಲದೆ ಇಟ್ಟುಕೊಂಡ ಯಾವ ವಿಷವಸ್ತುವಾದರೂ ಅಸ್ತ್ರವೇ. ಕ್ಲೋರಿನ್ ಒಡಂಬಡಿಕೆಯ ಯಾವ ಶೆಡ್ಯೂಲಿನಲ್ಲೂ, ಅಂದರೆ ಪಟ್ಟಿಯಲ್ಲೂ, ಇಲ್ಲ. ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರಿಗೆ ಬೆರೆಸಿದರೆ ಅದು ಶುದ್ಧೀಕರಣ. ಸಿರಿಯಾದಲ್ಲಿ ಸಿಲಿಂಡರ್‌ಗಟ್ಟಲೆ ಜನವಸತಿಯ ಮೇಲೆ ಬೀಳಿಸಿದಾಗ ಅದೇ ಅಸ್ತ್ರವಾಯಿತು. ಆದ್ದರಿಂದ ಇಂಗ್ಲೆಂಡಿನ ವಿಷಪ್ರಯೋಗದ ಬಗ್ಗೆ ಬರೆದ ‘2018ರಲ್ಲಿ ಸಾಲ್ಸ್‌ಬರಿಯಲ್ಲಿ ಬಳಸಿದ ನೊವಿಚೋಕ್ ಆಗ ಕಾನೂನುಬದ್ಧವಾಗಿತ್ತು’ ಎಂಬ ನಿಮ್ಮ ವಾಕ್ಯವನ್ನು ಪೂರ್ತಿ ಹೊಡೆದುಹಾಕಿ. ನೊವಿಚೋಕ್ ಎಂಬ ಆ ಗುಂಪಿನ ನರವಿಷಗಳನ್ನು ಪಟ್ಟಿಗೆ ಸೇರಿಸಲು 2019ರ ನವೆಂಬರಿನಲ್ಲಿ ತೀರ್ಮಾನವಾಯಿತು, 2020ರ ಜೂನ್ 7ರಿಂದ ಜಾರಿಗೆ ಬಂತು. ನಿಷೇಧ ಮಾತ್ರ ಮೊದಲಿನಿಂದಲೂ ಇತ್ತು.

ಹಾಗಾದರೆ ಪಟ್ಟಿ ಯಾಕೆ? ತಪಾಸಣೆಗೆ. ಯಾರು ಲೆಕ್ಕ ಕೊಡಬೇಕು, ಯಾರ ಬಾಗಿಲಿಗೆ ತಪಾಸಕರು ಬರಬಹುದು ಎಂದು ಹೇಳುವುದು ಶೆಡ್ಯೂಲುಗಳ ಕೆಲಸ. ವಿಜ್ಞಾನ ಅಲುಗಾಡಿಸುತ್ತಿರುವುದು ಇದನ್ನೇ, ನಿಮ್ಮ ಲೇಖನ ನಿಲ್ಲಬೇಕಾದದ್ದೂ ಇಲ್ಲೇ.

ಥಯೊಡೈಗ್ಲೈಕಾಲ್‌ನಿಂದ ಶುರು ಮಾಡಿ. ಬಾಲ್‌ಪೆನ್ನಿನ ಶಾಯಿಗೂ ಬಟ್ಟೆಯ ಬಣ್ಣಕ್ಕೂ ಬೇಕಾದ ದ್ರಾವಕ ಅದು. ಮಸ್ಟರ್ಡ್ ವಿಷಕ್ಕೆ ಪೂರ್ವವಸ್ತುವೂ ಹೌದು. ಎರಡನೇ ಶೆಡ್ಯೂಲಿನಲ್ಲಿದೆ. ಒಂದು ಘಟಕ ವರ್ಷಕ್ಕೆ 1 ಟನ್ನಿಗಿಂತ ಹೆಚ್ಚು ತಯಾರಿಸಿದರೆ, ಸಂಸ್ಕರಿಸಿದರೆ ಅಥವಾ ಬಳಸಿದರೆ ಘೋಷಿಸಬೇಕು. 10 ಟನ್ ದಾಟಿದರೆ ತಪಾಸಣೆಗೆ ಒಳಪಡುತ್ತದೆ. ಪೀಣ್ಯದಲ್ಲೋ ಜಿಗಣಿಯಲ್ಲೋ ಕೆಲಸ ಮಾಡುವ ಓದುಗರಿಗೆ ಈ ಎರಡು ಅಂಕಿಗಳು ನಿಮ್ಮ ಮೂರು ಪುಟದ ಆತಂಕಕ್ಕಿಂತ ಹೆಚ್ಚು ತಿಳಿಸುತ್ತವೆ. ಆಮೇಲೆ ತೊಡಕಿಗೆ ಬನ್ನಿ. ಈ ಲೆಕ್ಕವೆಲ್ಲ ಟನ್ನುಗಳದ್ದು, ದೊಡ್ಡ ರಿಯಾಕ್ಟರುಗಳ ಕಾಲದ್ದು. ಈಗ ಸಣ್ಣ ನಾಳಗಳೊಳಗೆ ನಿರಂತರ ಹರಿವಿನಲ್ಲಿ ಕ್ರಿಯೆ ನಡೆಸುವ ಮೈಕ್ರೊರಿಯಾಕ್ಟರುಗಳಿವೆ. ಭಾರಿ ಪಾತ್ರೆ, ಗಾಳಿ ತೊಳೆಯುವ ದೊಡ್ಡ ಗೋಪುರ ನೋಡಿ ಅನುಮಾನಿಸುವ ಹಳೆಯ ಕ್ರಮ ಅಲ್ಲಿ ಸಾಲದು.

ಇನ್ನೂ ಹತ್ತಿರದ ತೊಡಕು ಹುದುಗುವಿಕೆಯದು. ಪಟ್ಟಿಯಲ್ಲಿಲ್ಲದ ಸಾವಯವ ರಾಸಾಯನಿಕಗಳನ್ನು ‘ಸಂಶ್ಲೇಷಣೆಯಿಂದ’ ವರ್ಷಕ್ಕೆ 200 ಟನ್ನಿಗಿಂತ ಹೆಚ್ಚು ತಯಾರಿಸುವ ಘಟಕ ಘೋಷಣೆ ಕೊಡಬೇಕು. ಯೀಸ್ಟ್ ಅಥವಾ ಬ್ಯಾಕ್ಟೀರಿಯಾ ತಯಾರಿಸಿದರೆ ಅದು ಸಂಶ್ಲೇಷಣೆಯೇ? ಹೌದು ಎಂಬುದು ಒಡಂಬಡಿಕೆಯನ್ನು ಜಾರಿಗೊಳಿಸುವ, ಹೇಗ್ ನಗರದಲ್ಲಿರುವ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆಯ ವೈಜ್ಞಾನಿಕ ಸಲಹಾ ಮಂಡಳಿಯ ಅಭಿಪ್ರಾಯ. ಸದಸ್ಯ ರಾಷ್ಟ್ರಗಳ ಒಮ್ಮತ ಅಷ್ಟು ಸುಲಭವಲ್ಲ, ಏಕೆಂದರೆ ಬಿಯರ್, ಎಂಜೈಮ್, ಔಷಧ ಮಾಡುವವರೂ ಲೆಕ್ಕ ಒಪ್ಪಿಸಬೇಕಾದೀತು. ಜೈವಿಕ ತಂತ್ರಜ್ಞಾನದ ಊರಾದ ಬೆಂಗಳೂರಿನಲ್ಲಿ ಕೂತು ಬರೆದ ಲೇಖನದಲ್ಲಿ ಈ ಪ್ರಶ್ನೆ ಬಾರದೇ ಹೋದದ್ದು ನಮಗೆ ನಿಜಕ್ಕೂ ಬೇಸರ ತಂದಿತು.

ಕೃತಕ ಬುದ್ಧಿಮತ್ತೆಯ ಭಾಗದಲ್ಲಿ ‘ಕಂಪ್ಯೂಟರ್ ಆರು ಗಂಟೆಯಲ್ಲಿ 40,000 ಹೊಸ ಅಸ್ತ್ರ ತಯಾರಿಸಿತು’ ಎಂದಿದ್ದೀರಿ. ತಯಾರಿಸಲಿಲ್ಲ. ಅಮೆರಿಕದ ಔಷಧ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಹೊರಬಂದದ್ದು ವಿಷವಾಗಿರಬಹುದೆಂದು ಊಹಿಸಿದ ಅಣುಗಳ ರಚನೆಗಳು; ಮೊದಲೇ ಗೊತ್ತಿದ್ದ ನರವಿಷ ವಿಎಕ್ಸ್ ಕೂಡ ಅವುಗಳಲ್ಲಿತ್ತು. ಒಂದನ್ನೂ ಪ್ರಯೋಗಾಲಯದಲ್ಲಿ ಮಾಡಿ ನೋಡಲಿಲ್ಲ. ಊಹೆಗೂ ತಯಾರಿಕೆಗೂ ನಡುವೆ ಕಚ್ಚಾವಸ್ತು, ಇಳುವರಿ, ಸ್ಥಿರತೆ, ಮಾಡುವವರ ಜೀವಭಯ ಎಲ್ಲ ಇವೆ.

ವಿಜ್ಞಾನ ನಿಷೇಧಕ್ಕೆ ಕೊಟ್ಟ ಬಲವನ್ನು ನೀವು ಮುಟ್ಟಿಯೇ ಇಲ್ಲ. ಸರಿನ್ ಎಂಬ ನರವಿಷ ನೀರು ಸೋಕಿದರೆ ಒಡೆಯುತ್ತದೆ, ಆದರೆ ಒಡೆದು ಉಳಿದದ್ದು ಮಣ್ಣಿನಲ್ಲಿ ಕೂರುತ್ತದೆ. ಇರಾಕಿನ ಕುರ್ದಿಶ್ ಹಳ್ಳಿ ಬಿರ್ಜಿನ್ನಿಯ ಮೇಲೆ ದಾಳಿ ನಡೆದದ್ದು 1988ರಲ್ಲಿ. 1992ರಲ್ಲಿ ತೆಗೆದ ಮಣ್ಣಿನಲ್ಲಿ, ನಾಲ್ಕು ವರ್ಷದ ಮಳೆ ಬಿಸಿಲಿನ ನಂತರವೂ, ಸರಿನ್‌ನ ಗುರುತು ಸಿಕ್ಕಿತು. ಇದಕ್ಕೆ ಒಂದು ಪುಟ ಕೊಡಿ.

ಇನ್ನು ಸಣ್ಣಪುಟ್ಟವು. ಎಲ್ಲದಕ್ಕೂ ‘ವಿಷಾನಿಲ’ ಎನ್ನಬೇಡಿ. ಸರಿನ್, ವಿಎಕ್ಸ್, ಮಸ್ಟರ್ಡ್ ಮೂರೂ ದ್ರವಗಳು. ಮಸ್ಟರ್ಡ್ ಅಂತೂ ಸುಮಾರು 14 ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ, ನಮ್ಮ ಡಿಸೆಂಬರಿನ ಚಳಿ ಸಾಕು. ಹೇಗ್‌ನ ಸಂಸ್ಥೆ ವಿಶ್ವಸಂಸ್ಥೆಯ ಅಂಗವಲ್ಲ, ಸ್ವತಂತ್ರ ಸಂಸ್ಥೆ. ಒತ್ತೆಯಾಳುಗಳಿದ್ದ ಸಭಾಂಗಣದೊಳಗೆ ಪಡೆಗಳು ಮತ್ತು ಬರಿಸುವ ವಸ್ತು ಬಿಟ್ಟ 2002ರ ಮಾಸ್ಕೋ ರಂಗಮಂದಿರದ ಪ್ರಸಂಗವನ್ನು ಅರ್ಧಕ್ಕೇ ಬಿಟ್ಟಿದ್ದೀರಿ: ನರಮಂಡಲದ ಮೇಲೆ ಕೆಲಸ ಮಾಡುವ ಇಂಥ ವಸ್ತುಗಳನ್ನು ಗಾಳಿಯಲ್ಲಿ ಸಿಂಪಡಿಸುವುದು ಪೊಲೀಸ್ ಕೆಲಸಕ್ಕೂ ಸಲ್ಲದು ಎಂದು ಸದಸ್ಯ ರಾಷ್ಟ್ರಗಳು 2021ರ ಡಿಸೆಂಬರಿನಲ್ಲಿ ಬಹುಮತದಿಂದ ತೀರ್ಮಾನಿಸಿದವು. ನಿಮ್ಮ ಲೇಖನದಲ್ಲಿ ಭಾರತದ ಹೆಸರೇ ಇಲ್ಲ. ಈ ಒಡಂಬಡಿಕೆಗಾಗಿ ಮಾಡಿದ 2000ನೇ ಇಸವಿಯ ನಮ್ಮ ಕಾಯ್ದೆಯೂ, ಭಾರತ ತನ್ನ ರಾಸಾಯನಿಕ ಅಸ್ತ್ರಗಳ ದಾಸ್ತಾನನ್ನು 2009ರಲ್ಲಿ ಪೂರ್ತಿ ನಾಶಮಾಡಿದ್ದೂ ಎರಡು ಸಾಲಿನಲ್ಲಾದರೂ ಬರಲಿ. ಬೆಲ್ಜಿಯಂನ ಈಪ್ರದ ಯುದ್ಧಭೂಮಿಯ ಮೊದಲ ಎರಡು ಪುಟ ತೆಗೆದುಬಿಡಿ, 1915ರ ಆ ಕ್ಲೋರಿನ್ ದಾಳಿಯ ಕಥೆ ಓದುಗರಿಗೆ ಗೊತ್ತು.

ಪೂರ್ತಿ ಲೇಖನ ತಿದ್ದುವ ಮೊದಲು ಬಾಲ್‌ಪೆನ್ ಶಾಯಿಯಿಂದ ಆರಂಭವಾಗಿ ಹುದುಗುವಿಕೆಯ ಪ್ರಶ್ನೆಗೆ ಬಂದು ಸೇರುವ ಭಾಗವನ್ನಷ್ಟೇ 500 ಪದಗಳಲ್ಲಿ ಬರೆದು ಕಳಿಸಿ. ನೋಡಿ ಮುಂದಿನದನ್ನು ಹೇಳುತ್ತೇವೆ.

ವಿಶ್ವಾಸದಿಂದ,
ಸಂಪಾದಕರು
ಬೆಂಗಳೂರು