ಕಾಡಲ್ಲಿ ನಡೀಬೇಕು ಅನ್ನೋರಿಗೆ

ಪ್ರಶ್ನೆ: ಸರ್, ಬಂಡೀಪುರಕ್ಕೆ ಹೋಗಿದ್ವಿ, ಸಫಾರಿ ವ್ಯಾನಿಂದ ಕಾಲು ಕೆಳಗಿಡೋಕೂ ಬಿಡ್ಲಿಲ್ಲ. ನಮ್ಗೆ ಕಾಡೊಳಗೆ ನಡೀಬೇಕು ಅಂತ ಆಸೆ. ಹೆಂಡ್ತಿ, 9 ವರ್ಷದ ಮಗನ್ನ ಕರ್ಕೊಂಡು ಕುದುರೆಮುಖ ಹತ್ಬಹುದಾ? ಯಾವಾಗ ಹೋಗೋದು, ಪ್ರಾಣಿ ಕಾಣುತ್ತಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬಂಡೀಪುರ, ನಾಗರಹೊಳೆ ಎಲ್ಲಾ ಹುಲಿ ಕಾಡು ಸ್ವಾಮಿ, ಅಲ್ಲಿ ಇಳಿಯೋಕೆ ಬಿಡದೇ ಇರೋದೇ ಸರಿ. ನಡೆಯೋಕೆ ಕುದುರೆಮುಖ ಒಳ್ಳೇ ಜಾಗ, ಆದ್ರೆ ಆ ವಯಸ್ಸಿನ ಮಗೂನ ಶಿಖರಕ್ಕೆ ಕರ್ಕೊಂಡು ಹೋಗ್ಬೇಡಿ. ಸಂಸೆ ಕಡೆಯಿಂದ ಜೀಪಲ್ಲಿ ಕುಲುಕಿಸ್ಕೊಂಡು ಮುಳ್ಳೋಡಿ ತಲುಪ್ಬೇಕು, ಅಲ್ಲಿಂದ ಹತ್ತೋದು ಇಳಿಯೋದು ಸೇರಿ ಹತ್ರತ್ರ 20 ಕಿಲೋಮೀಟರ್, ಶಿಖರ ಸುಮಾರು 1,890 ಮೀಟರ್ ಎತ್ತರ, ಸಂಜೆಯೊಳಗೆ ವಾಪಸ್ ಇಳಿದಿರ್ಬೇಕು. ಹುಡುಗನ ಜೊತೆ ಅಂದ್ರೆ ಭಗವತಿ ನೇಚರ್ ಕ್ಯಾಂಪ್ ಕಡೆಯಿಂದ ಕುರಿಂಜಾಲು ಗುಡ್ಡಕ್ಕೆ ಹೋಗಿ, ಬಹಳಷ್ಟು ದೂರ ಹಳೇ ಜೀಪ್ ದಾರಿ, ಏರು ಅಷ್ಟಿಲ್ಲ. ಎಲ್ಲಿಗೇ ಹೋದ್ರೂ ಅರಣ್ಯ ಇಲಾಖೆ ಪರ್ಮಿಷನ್ನು ಆನ್‌ಲೈನಲ್ಲಿ ಮೊದ್ಲೇ ತಗೊಳ್ಳಿ, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಶನಿವಾರ ಭಾನುವಾರದ್ದು ಬೇಗ ಖಾಲಿ. ಟಿಕೆಟ್ಟು ಫೋನಲ್ಲಿ ಇಳಿಸ್ಕೊಂಡಿರಿ, ಅಲ್ಲಿ ಹೋದ್ಮೇಲೆ ನೆಟ್‌ವರ್ಕ್ ಹುಡುಕ್ತಾ ನಿಲ್ಬೇಡಿ.

ಅಕ್ಟೋಬರಿಂದ ಜನವರಿ ಒಳ್ಳೇ ಕಾಲ. ಬೇಸಿಗೇಲಿ ಕಾಡ್ಗಿಚ್ಚಿನ ಭಯಕ್ಕೆ ಬಂದ್ ಮಾಡ್ತಾರೆ. ಮಳೆಗಾಲದಲ್ಲಿ ಹಸಿರು ನೋಡೋಕೆ ಎರಡು ಕಣ್ಣು ಸಾಲಲ್ಲ ನಿಜ, ಆದ್ರೆ ಹಳ್ಳ ತುಂಬಿದ್ರೆ ದಾಟೋಕಾಗಲ್ಲ.

ಶೂ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ನಾನು ಮೊದಲ್ನೇ ಸಲ ಅಟ್ಟದ ಮೇಲೆ ನಾಲ್ಕು ವರ್ಷದಿಂದ ಮಲಗಿದ್ದ ಶೂ ಹಾಕ್ಕೊಂಡು ಹೋಗಿದ್ದೆ, ದಾರೀಲಿರೋ ಒಂಟಿಮರ ಅನ್ನೋ ಜಾಗ ದಾಟ್ತಿದ್ದಂಗೆ ಶೂ ಅಡಿಭಾಗ ಕಿತ್ಕೊಂಡು ಮೊಸಳೆ ಥರ ಬಾಯಿ ಬಿಡ್ತು, ಗೈಡ್ ಹುಡುಗ ಜೇಬಿಂದ ಗೋಣಿದಾರ ತೆಗೆದು ಬಿಗಿದು ಕಟ್ಟಿ "ಹೀಗೆ ದಿನಾ ಒಬ್ರಾದ್ರೂ ಬರ್ತಾರೆ ಸಾರ್" ಅಂದ. ಆಮೇಲೆ ಪೂರ್ತಿ ದಾರಿ ನಾನು ಕಾಡು ನೋಡ್ಲಿಲ್ಲ, ಶೂ ನೋಡ್ದೆ.

ಪ್ರಾಣಿ ವಿಷಯಕ್ಕೆ ಬಂದ್ರೆ, ಸಫಾರಿ ಲೆಕ್ಕದಲ್ಲಿ ಹೋದ್ರೆ ಬೇಜಾರಾಗೋದು ಗ್ಯಾರಂಟಿ. ಇಪ್ಪತ್ತು ಜನ ಮಾತಾಡ್ಕೊಂಡು ಬರೋದು ಕಾಟಿಗೆ, ಅಂದ್ರೆ ಕಾಡುಕೋಣಕ್ಕೆ, ನಮಗಿಂತ ಮುಂಚೆ ಗೊತ್ತಾಗುತ್ತೆ, ಅದು ಆಗ್ಲೇ ಇನ್ನೊಂದು ಗುಡ್ಡದಲ್ಲಿರುತ್ತೆ. ಹುಲ್ಲುಗಾವಲು ಮುಗಿದು, ಕಣಿವೆ ಸಂದೀಲಿ ದಟ್ಟವಾಗಿ ಬೆಳೆದಿರೋ ಶೋಲಾ ಕಾಡೊಳಗೆ ಕಾಲಿಟ್ಟಾಗ ಐದು ನಿಮಿಷ ಸುಮ್ನೆ ನಿಂತ್ಕೊಳ್ಳಿ. ಬಿಸಿಲಿಂದ ಒಮ್ಮೆಗೇ ಫ್ರಿಜ್ ಬಾಗಿಲು ತೆಗೆದಂಗೆ ತಂಪು, ಕಾಲಡಿ ಎಲೆ ಮೆತ್ತಗೆ, ಹಳ್ಳದ ಕಡೆಯಿಂದ ಯಾರೋ ಹುಡುಗ ರಾಗ ಗೊತ್ತಿಲ್ದೆ ಶಿಳ್ಳೆ ಹೊಡೀತಾ ಇದಾನೆ ಅನ್ಸುತ್ತೆ, ಅದು ಮಲಬಾರ್ ವಿಸ್ಲಿಂಗ್ ಥ್ರಶ್ ಅನ್ನೋ ಹಕ್ಕಿ. ಮೇಲೆ ಕೊಂಬೆ ಅಲ್ಲಾಡಿದ್ರೆ ಕೆಂಜಳಿಲು ಅನ್ನೋ ದೊಡ್ಡ ಅಳಿಲು ಇರ್ಬಹುದು. ಅದೃಷ್ಟ ಇದ್ರೆ ಸಿಂಗಳೀಕ ಅನ್ನೋ ಕೋತಿ, ಮುಖದ ಸುತ್ತ ಬಿಳಿ ಕೇಸರ, ಬಾಲದ ತುದೀಲಿ ಸಿಂಹದ್ದೇ ಥರ ಕುಚ್ಚು, ನಮ್ಮ ಪಶ್ಚಿಮ ಘಟ್ಟ ಬಿಟ್ರೆ ಜಗತ್ತಲ್ಲಿ ಬೇರೆಲ್ಲೂ ಇಲ್ಲ. ದಯವಿಟ್ಟು ಬಿಸ್ಕತ್ತು ಎಸೀಬೇಡಿ, ಘಾಟಿ ರಸ್ತೇಲಿ ಕಾರು ನಿಲ್ಸಿ ಮಂಗಗಳಿಗೆ ತಿನ್ಸೋರನ್ನ ನೋಡಿದ್ರೆ ನನಗೆ ಮೈಯೆಲ್ಲಾ ಉರಿಯುತ್ತೆ.

ಮಗನಿಗೆ ಇನ್ನೊಂದು ತೋರ್ಸಿ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟೋದು ಇದೇ ಕಾಡಿನ ಗಂಗಾಮೂಲದ ಕಡೆ. ಮಳೆ ನೀರನ್ನ ಹುಲ್ಲು, ಶೋಲಾ ಎರಡೂ ಸ್ಪಂಜಿನ ಥರ ಹಿಡ್ಕೊಂಡು ನಿಧಾನಕ್ಕೆ ಬಿಡ್ತವೆ, ಭದ್ರಾ ನಾಲೆ ನೀರು ನಿಮ್ಮ ದಾವಣಗೆರೆ ಗದ್ದೆಗೂ ಬರುತ್ತಲ್ಲ, ಅದರ ಮೊದಲ ಹನಿ ಇಲ್ಲಿದು. ಕಬ್ಬಿಣದ ಗಣಿ ಇದ್ದಿದ್ದೂ ಈ ಗುಡ್ಡಗಳಲ್ಲೇ. 1987ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆ ಆದ್ರೂ ಗಣಿ ನಿಂತಿದ್ದು ಸುಪ್ರೀಂ ಕೋರ್ಟ್ ಹೇಳಿದ್ಮೇಲೆ, 2005ರ ಕೊನೇಲಿ.

ಪ್ರಶ್ನೆ: ಸರ್, ಗೆಳತ್ಯಾರು ಕುದುರೆಮುಖಕ್ಕ ಕರಿಯಾಕತ್ಯಾರ. ನನಗ ಜಿಗಣಿ ಅಂದ್ರ ಭಾಳ ಹೆದರಿಕಿ. ಹತ್ತಿದ್ರ ಏನ್ ಮಾಡ್ಬೇಕ್ರಿ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಮ್ಮ ಕಡೆ ಇಂಬಳ ಅಂತೀವಿ ಅಕ್ಕಾವ್ರೆ. ಕಚ್ಚಿದ್ದು ಗೊತ್ತೇ ಆಗಲ್ಲ, ಸಾಕ್ಸು ತೆಗೆದಾಗ ದ್ರಾಕ್ಷಿ ಹಣ್ಣಿನ ಥರ ಉಬ್ಬಿ ಕೂತಿರುತ್ತೆ. ಕಿರುಚಿ ಎಳೀಬೇಡಿ, ಉಗುರಿಂದ ಬಾಯಿ ಹತ್ರ ಪಕ್ಕಕ್ಕೆ ಸರ್ಸಿದ್ರೆ ಬಿಡುತ್ತೆ, ಸೋಪು ನೀರಲ್ಲಿ ತೊಳೀರಿ. ರಕ್ತ ಹೆಪ್ಪುಗಟ್ಟದಂಗೆ ಏನೋ ಬಿಟ್ಟಿರುತ್ತೆ, ಅದಕ್ಕೇ ಸ್ವಲ್ಪ ಹೊತ್ತು ಸೋರ್ತಾನೇ ಇರುತ್ತೆ, ಬಟ್ಟೆ ಒತ್ತಿ ಹಿಡ್ಕೊಳ್ಳಿ, ಗಾಬರಿ ಬೇಡ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಮಾತ್ರ ಮೊದ್ಲು ಡಾಕ್ಟರನ್ನ ಕೇಳಿ. ಮಲೆನಾಡಿನೋರು ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಕೊಂಡು ಹೋಗ್ತಾರೆ, ಒದ್ದೆ ಮಾಡಿ ಮುಟ್ಟಿಸಿದ್ರೆ ಕೆಳಗೆ ಬೀಳುತ್ತೆ. ಪ್ಯಾಂಟನ್ನ ಸಾಕ್ಸೊಳಗೆ ಸೇರ್ಸಿ, ಹುಲ್ಲಲ್ಲಿ ಕೂತ್ಕೊಂಡು ಚಿತ್ರಾನ್ನ ತಿನ್ಬೇಡಿ. ಡಿಸೆಂಬರ್ ಹೊತ್ತಿಗೆ ಹೋದ್ರೆ ಕಾಟ ಕಮ್ಮಿ.

ಪ್ರಶ್ನೆ: ಕುದುರೆಮುಖ ಶಿಖರದ ಮೇಲೆ ಟೆಂಟ್ ಹಾಕಿ, ಸ್ಪೀಕರ್ ಹಾಕ್ಕೊಂಡು ರಾತ್ರಿ ಕಳೀಬಹುದಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಇಲ್ಲ. ಟೆಂಟಿಗೆ ಪರ್ಮಿಷನ್ ಇಲ್ಲ, ಸ್ಪೀಕರಿಗೆ ನನ್ನ ಪರ್ಮಿಷನ್ನೂ ಇಲ್ಲ. ಸಂಸೆ, ಕಳಸದ ಕಡೆ ಹೋಂಸ್ಟೇ ಇವೆ, ಅಲ್ಲಿ ನೀರುದೋಸೆ, ಕಾಯಿಚಟ್ನಿ ತಿಂದು ಬೇಗ ಮಲಗಿ, ಬೆಳಿಗ್ಗೆ ಆರಕ್ಕೆ ಜೀಪ್ ಬರುತ್ತೆ.